ಬಚ್ಚಲ ಒಲೆಯ ಹೊಗೆ ಕಾಣದಿದ್ದ ದಿನ

ಮೇ ತಿಂಗಳು ಮುಗಿಯುತ್ತಾ ಬಂತು. ನಮ್ಮ ಕಡೆ ಈಗ ಎಲ್ಲರ ಮನೆಯಲ್ಲೂ ಮಳೆಗಾಲದ ತಯಾರಿ. ಸೌದೆ ಕೊಟ್ಟಿಗೆ ತುಂಬಬೇಕು, ಹೆಂಚು ಕೈಯಾಡಿಸಬೇಕು, ಹಪ್ಪಳ ಸಂಡಿಗೆ ಡಬ್ಬಕ್ಕೆ ಸೇರಬೇಕು. ನನಗೆ ಇದರ ಜೊತೆ ಇನ್ನೊಂದು ಕೆಲಸ ಇದೆ. ಅಕ್ಕಪಕ್ಕದ ಮೂರು ಮನೆಗಳಿಗೆ ಹೋಗಿ ಹಿರಿಯರ ಜೊತೆ ಕೂತು ಅವರ ಮಳೆಗಾಲದ ಸಾಮಾನು ನೋಡಿ ಬರೋದು. ಇದು ಶುರುವಾಗಿದ್ದು ಹೇಗೆ ಅಂತ ತುಂಬಾ ಜನ ಕೇಳಿದ್ದಾರೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು.

ನಾವಿರೋದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಒಟ್ಟು ಏಳು ಮನೆ. ಊರು ಅಂದರೆ ಸಾಲಾಗಿ ಮನೆಗಳು ಅಂತ ಅಂದುಕೊಳ್ಳಬೇಡಿ. ಮಲೆನಾಡಿನಲ್ಲಿ ಒಂದೊಂದು ಮನೆ ಒಂದೊಂದು ತೋಟದ ತಲೆಯಲ್ಲಿ. ನಮ್ಮ ಮನೆಯಿಂದ ಮೇಲಿನಮನೆಗೆ ಹೋಗಬೇಕಾದರೆ ತೋಟ ಇಳಿದು, ಹಳ್ಳದ ಮೇಲಿನ ಕಾಲುಸಂಕ ದಾಟಿ, ಮತ್ತೆ ದಿಬ್ಬ ಹತ್ತಬೇಕು. ಬೇಸಿಗೆಯಲ್ಲಿ ಹತ್ತು ನಿಮಿಷ. ಮಳೆಗಾಲದಲ್ಲಿ ಎಷ್ಟು ಹೊತ್ತು ಅನ್ನೋದನ್ನು ಹಳ್ಳ ಹೇಳಬೇಕು. ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿದ್ದೇವೆ. ಏಳು ಮನೆಗಳಲ್ಲಿ ಮೂರರಲ್ಲಿ ಇರೋದು ವಯಸ್ಸಾದವರು ಮಾತ್ರ. ಮಕ್ಕಳು ಬೆಂಗಳೂರಿನಲ್ಲಿ, ಒಬ್ಬ ಅಮೆರಿಕದಲ್ಲಿ.

2019ರ ಆಗಸ್ಟ್ ಮೊದಲ ವಾರ ನಮ್ಮ ಕಡೆಯವರಿಗೆ ಮರೆಯೋದಿಲ್ಲ. ಆಶ್ಲೇಷ ಮಳೆ ಈಸಲಾರದ ಹೊಳೆ ಅಂತ ಹಿರಿಯರು ಹೇಳ್ತಿದ್ದರಲ್ಲ, ಅದನ್ನು ಆ ವರ್ಷ ಕಣ್ಣಾರೆ ಕಂಡೆವು. ತೀರ್ಥಹಳ್ಳಿಯಲ್ಲಿ ತುಂಗೆ ಉಕ್ಕಿ ಹರಿಯುತ್ತಿದ್ದಳು. ನಮ್ಮಲ್ಲಿ ಮೊದಲ ದಿನವೇ ಕರೆಂಟು ಹೋಯಿತು. ಮೂರನೇ ದಿನ ಮೊಬೈಲ್ ಟವರ್ ಕೂಡ ಸತ್ತಿತು. ನಾಲ್ಕನೇ ದಿನ ರಸ್ತೆಗೆ ಅಡ್ಡಲಾಗಿ ದೊಡ್ಡದೊಂದು ಹಲಸಿನ ಮರ ಬಿತ್ತು.

ಮೇಲಿನಮನೆಯಲ್ಲಿ ಅಜ್ಜಯ್ಯ, ಅಮ್ಮ ಇಬ್ಬರೇ. ಅಜ್ಜಯ್ಯನಿಗೆ ಆಗ 82, ಅಮ್ಮನಿಗೆ 76. ಅವರ ಬಚ್ಚಲ ಒಲೆಯ ಹೊಗೆ ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತೆ. ಬೆಳಗ್ಗೆ ಆರೂವರೆಗೆ ಹಂಡೆಗೆ ಬೆಂಕಿ ಹಾಕಿದರೆ ಹೆಂಚಿನ ಸಂದಿಯಿಂದ ಹೊಗೆ ಎದ್ದು ತೆಂಗಿನ ಮರದ ಎತ್ತರಕ್ಕೆ ಬಂದು ನಿಲ್ಲುತ್ತೆ. ನಾನು ಹಾಲು ಕಾಯಿಸುವಾಗ ದಿನಾ ನೋಡ್ತಿದ್ದೆ. ನೋಡ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಐದನೇ ದಿನ ಬೆಳಗ್ಗೆ ದೋಸೆ ಹುಯ್ಯುತ್ತಾ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನು ಅಂತ ಹೊಳೆಯಲಿಲ್ಲ. ಎಂಟು ಗಂಟೆ ದಾಟಿದ ಮೇಲೆ ತಲೆಗೆ ಬಂತು. ಹೊಗೆ ಇಲ್ಲ.

ಗಂಡನನ್ನು ಕರೆದುಕೊಂಡು ಹೋದೆ. ಸಂಕದ ಅಡಿಕೆ ಮರಗಳ ಮೇಲೆ ಆಗಲೇ ನೀರು ಹೊಡೆಯುತ್ತಿತ್ತು. ಮುಂಬಾಗಿಲು ಒಳಗಿನಿಂದ ಹಾಕಿತ್ತು. ಕೂಗಿದರೆ ಬಚ್ಚಲ ಕಡೆಯಿಂದ ಅಮ್ಮನ ಸಣ್ಣ ದನಿ. ಹಿತ್ತಿಲ ಬಾಗಿಲು ಒದ್ದು ತೆಗೆದೆವು.

ಅಜ್ಜಯ್ಯ ರಾತ್ರಿ ಎರಡು ಗಂಟೆಗೆ ಎದ್ದು ಬಚ್ಚಲಿಗೆ ಹೋಗಿದ್ದಾರೆ. ಟಾರ್ಚಿನ ಸೆಲ್ಲು ಮುಗಿದಿತ್ತು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಾರೆ. ಅಮ್ಮನಿಗೆ ಎತ್ತಲು ಆಗಿಲ್ಲ. ಕಂಬಳಿ ಹೊದೆಸಿ, ತಲೆಗೆ ದಿಂಬು ಕೊಟ್ಟು, ಒದ್ದೆ ನೆಲದ ಮೇಲೆ ಪಕ್ಕದಲ್ಲೇ ಕೂತಿದ್ದಾರೆ. ಆರು ಗಂಟೆಗೂ ಜಾಸ್ತಿ ಹೊತ್ತು. "ಕೂಗಿ ಕೂಗಿ ಗಂಟಲು ಬಿದ್ದು ಹೋಯ್ತು ಮಗಾ" ಅಂದರು. ಹೆಂಚಿನ ಮೇಲೆ ಆ ಮಳೆ ಬೀಳುವಾಗ ಪಕ್ಕದ ಕೋಣೆಗೇ ಮಾತು ಕೇಳೋದಿಲ್ಲ, ನಮಗೆಲ್ಲಿ ಕೇಳಬೇಕು? ಹಿಂದಿನ ಸಂಜೆ ಒಮ್ಮೆ ಹೋಗಿ ನೋಡಿ ಬರಬೇಕು ಅಂದುಕೊಂಡವಳು ಮಳೆ ನೋಡಿ ನಾಳೆ ಹೋದರಾಯಿತು ಅಂತ ಸುಮ್ಮನಾಗಿದ್ದೆ. ಅದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಇದೆ.

ಆಮೇಲೆ ನಾವು ಮಾಡಿದ್ದೂ ತಪ್ಪೇ. ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಲು ನೋಡಿದೆವು. ಅವರು ನೋವಿಗೆ ಕೂಗಿದ ದನಿ ಮರೆಯಲು ಆಗಿಲ್ಲ. ಪ್ಲಾಸ್ಟಿಕ್ ಕುರ್ಚಿಗೆ ಎರಡು ಗಳ ಕಟ್ಟಿ, ಕೂರಿಸಿ, ನಾಲ್ಕು ಜನ ಹೊತ್ತುಕೊಂಡು ಹಲಸಿನ ಮರ ಬಿದ್ದ ಜಾಗದ ಆಚೆಗೆ ತಂದೆವು. ಒಬ್ಬ ಹುಡುಗ ಬೈಕಿನಲ್ಲಿ ನೆಟ್‌ವರ್ಕ್ ಸಿಗುವ ಕಡೆ ಹೋಗಿ 108ಕ್ಕೆ ಫೋನ್ ಮಾಡಿದ. ಆಸ್ಪತ್ರೆಯ ನರ್ಸ್ ಆಮೇಲೆ ಹೇಳಿದರು. ಸೊಂಟ, ತೊಡೆಯ ಮೂಳೆ ಮುರಿದಿದೆ ಅಂತ ಅನುಮಾನ ಬಂದರೆ ಕೂರಿಸಬಾರದು. ಕಾಲು ಎಳೆದು ನೇರ ಮಾಡಬಾರದು. ಇದ್ದ ಹಾಗೇ ಹಲಗೆಯ ಮೇಲೆ ಜಾರಿಸಿ ಮಲಗಿಸಿಯೇ ತರಬೇಕು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಯಾವ ಯಾವ ಮಾತ್ರೆ ತಗೊಳ್ತಾರೆ?" ಅಮ್ಮ ಹೇಳಿದರು, "ಬೆಳಗ್ಗೆ ಬಿಳಿದು ಒಂದು, ರಾತ್ರಿ ಗುಲಾಬಿ ಬಣ್ಣದ್ದು ಒಂದು, ಇನ್ನೊಂದು ಅರ್ಧ." ಮಾತ್ರೆಗಳೆಲ್ಲ ಮನೆಯಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿದ್ದವು. ಪಟ್ಟಿ ಕತ್ತರಿಸಿ ಹಾಕಿದ್ದರಿಂದ ಅರ್ಧದರ ಮೇಲೆ ಹೆಸರೇ ಇರಲಿಲ್ಲ. ಮೂರು ವರ್ಷದ ಹಿಂದೆ ಅಜ್ಜಯ್ಯನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆಯಾ ಅಂತ ಡಾಕ್ಟರಿಗೆ ಗೊತ್ತಾಗಬೇಕಿತ್ತು. ಆ ಮಾತ್ರೆ ತಗೊಂಡವರಿಗೆ ಆಪರೇಷನ್ ಹೊತ್ತಿನಲ್ಲಿ ರಕ್ತ ನಿಲ್ಲೋದು ಕಷ್ಟ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸೋದಕ್ಕೂ ತೊಂದರೆ. ಬೆಂಗಳೂರಿನಿಂದ ಮಗ ಹಳೆ ಡಿಸ್ಚಾರ್ಜ್ ಕಾಗದದ ಫೋಟೋ ಹುಡುಕಿ ಕಳಿಸುವವರೆಗೆ ಕಾಯಬೇಕಾಯಿತು. ಇದರ ಮಧ್ಯೆ ಇನ್ನೊಂದು. ಅಮ್ಮನಿಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಕರೆಂಟಿಲ್ಲದ ಫ್ರಿಜ್ಜಿನಲ್ಲಿ ಉಳಿದಿತ್ತು.

ಅಜ್ಜಯ್ಯ ಉಳಿದರು. ವಾಕರ್ ಹಿಡಿದು ಅಂಗಳದವರೆಗೆ ಓಡಾಡುವಷ್ಟು ಆದರು. ಮೂರು ವರ್ಷ ಬಿಟ್ಟು, 2022ರಲ್ಲಿ, ಮನೆಯಲ್ಲೇ ಮಲಗಿದ್ದಲ್ಲೇ ಹೋದರು.

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಈ ಸಲ ಹೀಗಾಗಬಾರದು ಅಂತ ಹೊರಟೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಎಮರ್ಜೆನ್ಸಿ ಕಿಟ್ ಪಟ್ಟಿ ನೋಡಿ ಮೂರು ಚೀಲ ತುಂಬಿಸಿದೆ. ಸೀಟಿ, ಬಿಸ್ಕತ್ತು, ಬಾಟಲಿ ನೀರು, ಟಾರ್ಚು. ಮೂರು ಮನೆಯಲ್ಲೂ ಯಾರಿಗೂ ಹಿಡಿಸಲಿಲ್ಲ. ಗದ್ದೆಮನೆ ಟೀಚರಮ್ಮ ಬಾಗಿಲಲ್ಲೇ ನಿಲ್ಲಿಸಿ, "ನಾನು ಬೀಳ್ತೀನಿ ಅಂತ ಕಾಯ್ತಿದೀಯಾ?" ಅಂದರು. 35 ವರ್ಷ ಪಾಠ ಹೇಳಿ ನಿವೃತ್ತರಾದವರು, ಗಂಡ ಹೋದ ಮೇಲೆ ಒಬ್ಬರೇ ಇದ್ದಾರೆ. ಯಾರ ಹಂಗೂ ಬೇಡ ಅನ್ನೋ ಜೀವ. ಅವರು ಕೇಳಿದ್ದು ನ್ಯಾಯವೇ. ಅವರ ಮನೆಗೆ ಏನು ಬೇಕು ಅಂತ ಅವರನ್ನು ಒಂದು ಮಾತೂ ಕೇಳದೆ ನಾನು ಚೀಲ ಹೊತ್ತು ಹೋಗಿದ್ದೆ.

ದಾರಿ ತೋರಿಸಿದ್ದು ಮೇಲಿನಮನೆ ಅಮ್ಮ. ಒಂದು ಮಧ್ಯಾಹ್ನ ಕವಳ (ಎಲೆಅಡಿಕೆ) ಹಾಕುತ್ತಾ ತಮ್ಮ ಅತ್ತೆಯ ಕಾಲದ ಮಳೆಗಾಲದ ಕಥೆ ಹೇಳಿದರು. ಮೃಗಶಿರ ಹಿಡಿಯುವ ಮೊದಲು ಆರು ತಿಂಗಳ ಉಪ್ಪು ಬೆಲ್ಲ ಅಟ್ಟಕ್ಕೆ ಏರಬೇಕಿತ್ತಂತೆ. ಬೆಂಕಿಪೊಟ್ಟಣ ಒಲೆಯ ಮೇಲಿನ ಬೆಚ್ಚನೆ ಗೂಡಿನಲ್ಲಿ. ಕಷಾಯದ ಬೇರು, ಬಾಣಂತಿ ಲೇಹ್ಯ, ದನಕ್ಕೆ ಒಣಹುಲ್ಲು. ತಿಂಗಳು ತುಂಬುತ್ತಿದ್ದ ಹೆಂಗಸರನ್ನು ಹಳ್ಳ ಏರುವ ಮೊದಲೇ ರಸ್ತೆ ಬದಿಯ ನೆಂಟರ ಮನೆಗೆ ಕಳಿಸಿಬಿಡುತ್ತಿದ್ದರಂತೆ. ಕೇಳುತ್ತಾ ಕೂತಿದ್ದ ನನಗೆ ನಾಚಿಕೆ ಆಯಿತು. ಇವರಿಗೆ ತಯಾರಿ ಅಂದರೇನು ಅಂತ ನಾನು ಹೇಳಿಕೊಡಲು ಹೋಗಿದ್ದೆ! ಇವರು ಹುಟ್ಟಿದಾಗಿನಿಂದ ಮಾಡಿದ್ದೇ ಅದು. ಆ ಪಟ್ಟಿಗೆ ಈಗ ಮಾತ್ರೆ, ಕನ್ನಡಕ, ಇನ್ಸುಲಿನ್, ಫೋನ್ ಚಾರ್ಜು ಸೇರಬೇಕು, ಅಷ್ಟೇ.

ಅವತ್ತಿನಿಂದ ಕಿಟ್ ಅನ್ನೋ ಮಾತು ಬಿಟ್ಟೆ. "ಅಮ್ಮಾ, ಮಳೆಗಾಲದ ಸಾಮಾನು ನೋಡೋಣ್ವಾ?" ಅಂತ ಕೇಳಿದರೆ ಅವರೇ ಡಬ್ಬ ತೆಗೆದು ಮುಂದೆ ಇಡುತ್ತಾರೆ.

ಮೊದಲು ಮಾಡಿದ್ದು ಚೀಟಿ. ಟೀಚರಮ್ಮನ ಹತ್ತಿರ ಹೋಗಿ, "ನನ್ನ ಅಕ್ಷರ ಯಾರಿಗೂ ಓದಲು ಬರಲ್ಲ, ನೀವು ಬರೆದುಕೊಡ್ತೀರಾ?" ಅಂತ ಕೇಳಿದೆ. ನಿಜಕ್ಕೂ ಅವರ ಅಕ್ಷರ ಮುತ್ತು. ಮನೆಮನೆಗೆ ಬಂದು, ಕನ್ನಡಕ ಏರಿಸಿ, ಒಂದೊಂದು ಮಾತ್ರೆಯ ಪಟ್ಟಿ ತಿರುಗಿಸಿ ಹೆಸರು ನೋಡಿ ಬರೆದರು. ಹೆಸರು, ವಯಸ್ಸು, ರಕ್ತದ ಗುಂಪು, ಏನೇನು ಕಾಯಿಲೆ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಯಾವ ಹೊತ್ತಿಗೆ, ಯಾವ ಔಷಧಿ ಮೈಗೆ ಆಗೋದಿಲ್ಲ, ಹಿಂದೆ ಏನು ಆಪರೇಷನ್ ಆಗಿದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದಕ್ಕೆ ಕೆಂಪು ಗೆರೆ. ಕೆಳಗೆ ಮಕ್ಕಳ ನಂಬರು, ಎರಡು ಪಕ್ಕದ ಮನೆಯವರ ನಂಬರು, 112, 108. ಇನ್ನೊಂದು ವಿಷಯ ಬರೆಸಿದ್ದು ನನ್ನ ಗಂಡ. ಆ ಮನೆಗೆ ಬರುವ ದಾರಿ. ಗಾಬರಿಯಲ್ಲಿ ಫೋನ್ ಮಾಡುವವರ ಬಾಯಿಗೆ ದಾರಿ ಹೇಳಲು ಬರೋದಿಲ್ಲ. ನಮ್ಮ ಮನೆಗಳು ಮ್ಯಾಪಿನಲ್ಲಿ ಸಿಗೋದೂ ಇಲ್ಲ. ಯಾವ ಬಸ್ ಸ್ಟಾಪು, ಅಲ್ಲಿಂದ ಎಡಕ್ಕೋ ಬಲಕ್ಕೋ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತೆ, ಅಲ್ಲಿಂದ ಎಷ್ಟು ದೂರ ಹೊರಬೇಕು, ಎಲ್ಲಾ ನಾಲ್ಕು ಸಾಲಿನಲ್ಲಿದೆ. ಓದಿದರೆ ಸಾಕು.

ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತಲ್ವಾ, ಹಾಗಾಗಿ ಚೀಟಿ ಪ್ಲಾಸ್ಟಿಕ್ ಕವರಿನೊಳಗೆ. ಜಾಗ ಮೂರು ಮನೆಯಲ್ಲೂ ಒಂದೇ, ಕ್ಯಾಲೆಂಡರ್ ಮೊಳೆ. ಕತ್ತಲಲ್ಲಿ ಯಾರು ಬಂದರೂ ಕೈ ಅಲ್ಲಿಗೇ ಹೋಗಬೇಕು.

ಮಾತ್ರೆ ಈಗ ಪಟ್ಟಿಯ ಸಮೇತ ಸ್ಟೀಲ್ ಡಬ್ಬದಲ್ಲಿದೆ, ಹದಿನೈದು ದಿನಕ್ಕೆ ಹೆಚ್ಚಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಹೆಚ್ಚುವರಿ ಕಡಿಮೆ ಆಗದ ಹಾಗೆ ನೋಡಿಕೊಳ್ಳುತ್ತೇವೆ. ಇನ್ಸುಲಿನ್ ಬಗ್ಗೆ ಡಾಕ್ಟರನ್ನು ಕೇಳಿ ತಿಳಿದುಕೊಂಡೆ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿರಬೇಕು. ಬಳಕೆಯಲ್ಲಿರುವ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತೆ. ಕರೆಂಟು ವಾರಗಟ್ಟಲೆ ಹೋದರೆ ಮಡಕೆಯೊಳಗೆ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನ ಒಣ ಮಡಕೆಯಲ್ಲಿ ಇಡೋದು. ಹೆಪ್ಪುಗಟ್ಟಿದ ಇನ್ಸುಲಿನ್ ಮಾತ್ರ ಬಳಸಲೇಬಾರದು. ಅಮ್ಮ ಹಿಂದೆ ಐಸ್ ಪೆಟ್ಟಿಗೆಗೆ ತಾಗಿಸಿ ಇಡುತ್ತಿದ್ದರು, ಈಗ ಬಾಗಿಲ ಕಡೆ ಇಡುತ್ತಾರೆ. ಡಬ್ಬದಲ್ಲಿ ಗ್ಲೂಕೋಸ್ ಪುಡಿಯೂ ಇದೆ. ಸಕ್ಕರೆ ಇಳಿದರೆ ಬೆವರು, ನಡುಕ, ಮಾತು ತೊದಲೋದು ಅಂತ ನಾನು ಹೇಳಿದರೆ ಅಮ್ಮನೇ ನನ್ನನ್ನು ತಿದ್ದುತ್ತಾರೆ, "ಮೊದಲು ಸಿಟ್ಟು ಬರುತ್ತೆ ಮಗಾ, ಆಮೇಲೆ ಬೆವರು."

ಆಸ್ಪತ್ರೆಗೆ ಹೊರಡುವ ಚೀಲವನ್ನು ಅಮ್ಮನೇ ತುಂಬಿದ್ದು. ಎರಡು ಸೀರೆ, ಹಳೆ ಕನ್ನಡಕ, ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್, ಐನೂರರ ಬದಲು ನೂರರ ನೋಟುಗಳು. ಜೊತೆಗೆ ಒಂದು ಸಣ್ಣ ಡಬ್ಬದಲ್ಲಿ ಅಡಿಕೆ, ಸುಣ್ಣ. ಎಲೆ ಹೊರಡುವಾಗ ಕೊಯ್ದುಕೊಂಡರಾಯಿತಂತೆ. ಆಸ್ಪತ್ರೆಯಲ್ಲಿ ಮೂರು ದಿನ ಕವಳ ಇಲ್ಲದೆ ಇದ್ದದ್ದು ಅವರಿಗೆ ಎಷ್ಟು ಕಷ್ಟ ಆಗಿತ್ತು ಅಂತ ಆಗ ಗೊತ್ತಾಯಿತು.

ಬಚ್ಚಲಿನ ಕೆಲಸಕ್ಕೆ ಒಂದು ದಿನ ಹಿಡಿಯಿತು. ಪಾಚಿ ಕೆರೆದು, ಗೋಡೆಗೆ ಜಿಐ ಪೈಪಿನ ಹಿಡಿಕೆ ಹಾಕಿಸಿದೆವು. ಬಾಗಿಲಿನ ಒಳ ಚಿಲಕ ತೆಗೆಸಿದೆವು. ರಾತ್ರಿ ಮಂಚದ ಪಕ್ಕದಲ್ಲೇ ಒಂದು ಬಕೆಟ್ ಇಟ್ಟುಕೊಳ್ಳಿ ಅಂತ ಹೇಳಲು ನನಗೂ ಸಂಕೋಚ, ಕೇಳಲು ಅಜ್ಜಯ್ಯನಿಗೂ ಸಂಕೋಚ. ಆದರೂ ಹೇಳಿದೆ. ಆಮೇಲಿನ ಮಳೆಗಾಲಗಳಲ್ಲಿ ಅವರು ರಾತ್ರಿ ಬಚ್ಚಲಿಗೆ ಹೋಗಲಿಲ್ಲ. ದಯವಿಟ್ಟು ಈ ಮಾತನ್ನು ನಿಮ್ಮ ಹಿರಿಯರ ಹತ್ತಿರ ಆಡಿ. ಟಾರ್ಚು, ಚೀಲ ಎಲ್ಲಕ್ಕಿಂತ ಮೊದಲು ಇದು.

ಕರೆಯೋದಕ್ಕೆ ಏನು ಮಾಡೋದು ಅಂತ ತುಂಬಾ ಯೋಚಿಸಿದೆವು. ಸೀಟಿ ಊದಲು ಅಮ್ಮನಿಗೆ ಉಸಿರು ಸಾಲದು. ಕೊನೆಗೆ ಉಳಿದಿದ್ದು ಮಂಗ ಓಡಿಸುವ ತಗಡಿನ ಡಬ್ಬ. ಅದರ ಸದ್ದು ತೋಟ ದಾಟಿ ಬರುತ್ತೆ. ಆದರೆ ಹಗಲು ಹೊತ್ತು ಎಲ್ಲರೂ ಮಂಗಕ್ಕೆ ಡಬ್ಬ ಬಡಿಯುವವರೇ. ಅದಕ್ಕೆ ಮೂರು ಪೆಟ್ಟು, ಬಿಟ್ಟು ಮೂರು ಪೆಟ್ಟು ಅಂತ ಮಾತಾಯಿತು. ಒಂದು ರಾತ್ರಿ ಜೋರು ಮಳೆಯಲ್ಲಿ ಬಡಿಸಿ ನೋಡಿದೆವು. ನಮ್ಮ ಜಗಲಿಗೆ ಕೇಳಿತು, ಮಲಗುವ ಕೋಣೆಗೆ ಕೇಳಲಿಲ್ಲ. ಮಳೆಗಾಲದಲ್ಲಿ ನನ್ನ ಗಂಡ ಈಗ ಜಗಲಿಯಲ್ಲೇ ಮಲಗುತ್ತಾರೆ. ಮೂರೂ ಮನೆಯ ಹಿತ್ತಿಲ ಬಾಗಿಲಿನ ಇನ್ನೊಂದು ಕೀಲಿ ನಮ್ಮ ಮನೆಯಲ್ಲಿದೆ. ನಮ್ಮ ಕೊಟ್ಟಿಗೆಯ ಗೋಡೆಗೆ ಹಳೆ ಬಾಗಿಲಿನ ಒಂದು ಹಲಗೆ ಒರಗಿಸಿ ಇಟ್ಟಿದ್ದೇವೆ, ನಾಲ್ಕು ಕಡೆ ಹಗ್ಗದ ಹಿಡಿಕೆ ಕಟ್ಟಿ. ಮರ ಕೊಯ್ಯುವ ಮಿಷನ್ನು, ಅದಕ್ಕೆ ಐದು ಲೀಟರ್ ಪೆಟ್ರೋಲು ಪಕ್ಕದ ಮನೆಯ ಹುಡುಗನ ಜವಾಬ್ದಾರಿ.

ಕೆಳಗಿನಮನೆ ಮಾವನದು ಬೇರೆಯೇ ಸಮಸ್ಯೆ. 79 ವಯಸ್ಸು, ಕಿವಿ ಸರಿಯಾಗಿ ಕೇಳೋದಿಲ್ಲ. ಮನೆ ಹಿಂದೆ ಎತ್ತರದ ಧರೆ, ಅಂದರೆ ಗೋಡೆಯ ಹಾಗೆ ನಿಂತ ಮಣ್ಣಿನ ದಿಬ್ಬ. ಅವರ ಜೊತೆ ಇರೋದು ಗೌರಿ ಅನ್ನೋ ಒಂದು ಮಲೆನಾಡು ಗಿಡ್ಡ ಹಸು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಸುದ್ದಿ ಬಂದಾಗ ನಮ್ಮಲ್ಲೂ ಬಿಡದೆ ಸುರಿಯುತ್ತಿತ್ತು. ಮೇಲಿನಮನೆ ಅಮ್ಮ ಸೆಲ್ಲಿನ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದವರು ನನಗೆ ಹೇಳಿ ಕಳಿಸಿದರು, "ಕೆಳಗಿನಮನೆ ಧರೆ ಒಂದ್ಸಲ ನೋಡು." ಹೋಗಿ ನೋಡಿದೆ. ಧರೆಯ ತಲೆಯಲ್ಲಿ ಬೆರಳು ಹೋಗುವಷ್ಟು ಬಿರುಕು. ಬುಡದ ಒರತೆಯಲ್ಲಿ ತಿಳಿನೀರಿನ ಬದಲು ಕೆಂಪು ನೀರು. ಒಂದು ಬೈನೆ ಮರ ಮನೆ ಕಡೆ ವಾಲಿತ್ತು.

ಮಾವ ಹೊರಡಲು ಒಪ್ಪಲಿಲ್ಲ. "ದನ ಬಿಟ್ಟು ಬರಲ್ಲ" ಅಂದರು. ಈ ಮಾತು ನಮಗೆ ಮೊದಲೇ ಗೊತ್ತಿತ್ತು, ಟೀಚರಮ್ಮ ಅವರ ಚೀಟಿಯಲ್ಲಿ ಬರೆದೇ ಇಟ್ಟಿದ್ದರು: "ಗೌರಿಗೆ ಜಾಗ ಮೊದಲು." ನಮ್ಮ ಕೊಟ್ಟಿಗೆಯಲ್ಲಿ ಒಂದು ಗೂಟ ಅದಕ್ಕೆಂದೇ ಇದೆ. ನಾನು ಗೌರಿಯ ಹಗ್ಗ ಬಿಚ್ಚಿ ನಡೆಸಿಕೊಂಡು ಹೊರಟೆ. ಮಾವ ಕಂಬಳಿ ಕೊಪ್ಪೆ ಹಾಕಿಕೊಂಡು ಹಿಂದೆ ಬಂದರು. ಸಂಜೆ ನಾಲ್ಕು ಗಂಟೆ, ಇನ್ನೂ ಬೆಳಕಿತ್ತು. ಕತ್ತಲಾದ ಮೇಲೆ ಹೊರಟಿದ್ದರೆ ಆ ದಾರಿಯಲ್ಲಿ ಅವರು ಬೀಳುತ್ತಿದ್ದರು.

ಮೊದಲ ರಾತ್ರಿ ಏನೂ ಆಗಲಿಲ್ಲ. ಎರಡನೇ ರಾತ್ರಿಯೂ ಇಲ್ಲ. "ಸುಮ್ನೆ ಕರ್ಕೊಂಡು ಬಂದ್ರಿ" ಅಂತ ಮಾವ ಗೊಣಗಿದರು. ಮೂರನೇ ದಿನ ಧರೆ ಸ್ವಲ್ಪ ಜಾರಿ ಬಾಳೆಯ ಹಿಂಡು ಸಮೇತ ಅಂಗಳಕ್ಕೆ ಬಂತು. ಗೋಡೆಗೆ ಏನೂ ಆಗಲಿಲ್ಲ. ಆಗದಿದ್ದದ್ದೇ ಒಳ್ಳೆಯದು. ಮುಂದಿನ ಸಲವೂ ನಾವು ಕರೆದುಕೊಂಡು ಬರುತ್ತೇವೆ, ಅವರು ಗೊಣಗಲಿ.

ದೂರ ಇರುವ ಮಕ್ಕಳಿಗೆ ಎರಡು ಮಾತು. ನೀವು ಇನ್ವರ್ಟರ್ ಕಳಿಸುತ್ತೀರಿ, ಕ್ಯಾಮೆರಾ ಹಾಕಿಸುತ್ತೀರಿ. ನಿಮ್ಮ ಆತಂಕ ಗೊತ್ತಾಗುತ್ತೆ. 2019ರಲ್ಲಿ ಅಮೆರಿಕದಲ್ಲಿದ್ದ ಮಾವನ ಮಗ ನನ್ನ ಫೋನಿಗೆ 41 ಸಲ ಮಾಡಿದ್ದ, ನೆಟ್‌ವರ್ಕ್ ಬಂದ ಮೇಲೆ ನೋಡಿದೆ. ಆ ದಿನಗಳಲ್ಲಿ ಅವನು ಊಟ ಮಾಡಿರಲಿಕ್ಕಿಲ್ಲ. ಆದರೆ ನಾಲ್ಕು ದಿನ ಕರೆಂಟಿಲ್ಲದಿದ್ದರೆ ಆ ಕ್ಯಾಮೆರಾ ಕೆಲಸಕ್ಕೆ ಬರೋದಿಲ್ಲ. ವರ್ಷಕ್ಕೊಂದು ಸಲ ಮೇ ತಿಂಗಳಲ್ಲಿ ಬನ್ನಿ. ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಸಿ. ಮಾತ್ರೆಯ ತಾರೀಖು ನೋಡಿ. ಪಕ್ಕದ ಮನೆಯವರ ಜೊತೆ ಒಂದು ಹೊತ್ತು ಕೂತು ಕಾಫಿ ಕುಡಿದು ಹೋಗಿ. ನಿಮ್ಮ ಮುಖ ನೋಡಿದ್ದರೆ ರಾತ್ರಿ ಎರಡು ಗಂಟೆಗೆ ನಿಮಗೆ ಫೋನ್ ಮಾಡಲು ನಮಗೂ ಹಿಂಜರಿಕೆ ಇರೋದಿಲ್ಲ. ಕರೆ ಹೋಗದಿದ್ದಾಗ ಮೆಸೇಜು ಎಷ್ಟೋ ಸಲ ಹೋಗುತ್ತೆ. ಗುಡ್ಡದ ಮೇಲಿನ ನೆಲ್ಲಿಮರದ ಹತ್ತಿರ ನಿಂತು "ಎಲ್ಲಾ ಚೆನ್ನಾಗಿದ್ದಾರೆ" ಅಂತ ನಾನು ಸಂಜೆ ಕಳಿಸುತ್ತೇನೆ. ಅದು ಬಂದರೆ ನಿದ್ದೆ ಮಾಡಿ.

ಮೊನ್ನೆ ಭಾನುವಾರ ಚೀಟಿಗಳನ್ನು ಹೊಸದಾಗಿ ಬರೆಯಲು ಕೂತಿದ್ದೆವು. ಅಮ್ಮನಿಗೆ ಬಿಪಿ ಮಾತ್ರೆ ಬದಲಾಗಿದೆ. ಮಾವನ ಕಣ್ಣಿನ ಆಪರೇಷನ್ ಆಗಿದೆ. ಟೀಚರಮ್ಮ ಮೂರೂ ಬರೆದು ಮುಗಿಸಿ, ನಾಲ್ಕನೇ ಹಾಳೆ ತೆಗೆದು ನನ್ನ ಮುಖ ನೋಡಿದರು. "ನಿನ್ನದು ಹೇಳು" ಅಂದರು. ನನಗೇನು ಕಾಯಿಲೆ ಇದೆ ಟೀಚರಮ್ಮ ಅಂದೆ. "ಹೋದ ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗ್ತಿದೀಯಲ್ಲ. ಎಷ್ಟು ಮೈಕ್ರೋಗ್ರಾಂ?"

ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಪಟ್ಟಿ ತಂದೆ.